ಬೇಸ್ ಗಿಟಾರಿಗೆ ಸಿಕ್ಕ ಕಿವಿಗಳು

ನಮ್ಮ ಬ್ಯಾಂಡಿನದು ಅಂತ ಉಳಿದಿರುವುದು ಒಂದೇ ಒಂದು ಫೋಟೋ, ಅದರಲ್ಲಿ ನನ್ನದು ಅಂತ ಇರುವುದು ಒಂದು ಮೊಣಕೈ. ಹಾಡುವ ಡೆಸ್ಮಂಡ್ ನಡುವೆ ಕಣ್ಣು ಮುಚ್ಚಿ ನಿಂತಿದ್ದಾನೆ, ಅವನ ಹಿಂದೆ ಡ್ರಮ್ ಬಾರಿಸುವ ಶಿವು ಕೋಲೆತ್ತಿದ್ದಾನೆ, ಎಡತುದಿಯಲ್ಲಿ ಯಾರೋ ಒಬ್ಬನ ಮೊಣಕೈ ಚೌಕಟ್ಟಿನೊಳಕ್ಕೆ ಇಣುಕಿದೆ. ಫೋಟೋ ತೆಗೆಯುವವನು ನನ್ನ ಕಡೆ ತಿರುಗಿ, "ಸಾರ್, ನೀವು ಸ್ವಲ್ಪ ಆ ಕಡೆ ಸರ್ಕೊಳ್ಳಿ, ಮ್ಯೂಸಿಕ್‌ನವರು ಬರ್ಲಿ" ಎಂದಿದ್ದ. ಗಿಟಾರು ನನ್ನ ಕೊರಳಲ್ಲೇ ತೂಗಾಡುತ್ತಿತ್ತು. ಆದರೂ ಸರಿದುಕೊಂಡೆ.

ಬೇಸ್ ಗಿಟಾರು ಎಂದರೇನು ಎಂದು ನೀವು ಕೇಳಿದರೆ ನನಗೆ ಬೇಸರವಿಲ್ಲ, ಎಲ್ಲರೂ ಕೇಳಿದ್ದಾರೆ. ನಾಲ್ಕು ದಪ್ಪ ತಂತಿಗಳ, ಉದ್ದ ಕತ್ತಿನ, ಗಿಟಾರಿನ ದೊಡ್ಡಣ್ಣನಂತೆ ಕಾಣುವ, ಮತ್ತು ಬಹುಪಾಲು ಮನೆಗಳ ದೊಡ್ಡಣ್ಣಂದಿರಂತೆಯೇ ಬಾಯಿಬಿಡದೆ ಭಾರ ಹೊರುವ ವಾದ್ಯ ಅದು. ಮದುವೆಮನೆಯ ಓಲಗವನ್ನು ನೆನಪಿಸಿಕೊಳ್ಳಿ. ನಾದಸ್ವರದವನ ಹೆಸರು ನಿಮಗೆ ಗೊತ್ತಿರುತ್ತದೆ, ಡೋಲಿನವನ ಕೈಚಳಕ ಕಣ್ಣಿಗೆ ಬಿದ್ದಿರುತ್ತದೆ. ಅವರ ಪಕ್ಕದಲ್ಲಿ ಕೆನ್ನೆ ಉಬ್ಬಿಸಿಕೊಂಡು ಬೆಳಗಿನಿಂದ ಒಂದೇ ಸ್ವರ ಊದುತ್ತ ಶ್ರುತಿ ಹಿಡಿದು ಕೂತಿದ್ದವನ ಮುಖ ನೆನಪಿದೆಯೇ? ಅವನು ನನ್ನ ಜಾತಿಯವನು. ನಮ್ಮಂಥವರನ್ನು ಸಮಾಧಾನಪಡಿಸಲು ಜನ, "ನೀವು ಅಡುಗೆಗೆ ಉಪ್ಪಿದ್ದ ಹಾಗೆ" ಎನ್ನುತ್ತಾರೆ. ಇದು ಶುದ್ಧ ಸುಳ್ಳು. ಉಪ್ಪು ಕಡಿಮೆಯಾದರೆ ಎಲೆಯ ಮುಂದೆ ಕೂತವರು ಗಲಾಟೆ ಮಾಡಿ ತರಿಸಿಕೊಳ್ಳುತ್ತಾರೆ. ಬೇಸ್ ಇಲ್ಲದಿದ್ದರೆ ಇವತ್ತು ಯಾಕೋ ಹಾಡು ಸರಿಯಾಗಲಿಲ್ಲ ಎಂದು ಹಾಡಿದವನನ್ನು ಬೈದು ಮನೆಗೆ ಹೋಗುತ್ತಾರೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ರಾಗಿಹೊಲ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಸೇರಿದ ಮೇಲೆ ಅಪ್ಪನೂ ಅದರ ಹಿಂದೆಯೇ ಹೋಗಿ ಅಲ್ಲಿಗೇ ಸೇರಿದ್ದ. ತಗಡನ್ನು ಒತ್ತಿ ಸೈಕಲ್ಲಿನ ಮಡ್‌ಗಾರ್ಡು, ಫ್ಯಾನಿನ ರೆಕ್ಕೆ ಮಾಡುವ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಅವನಿಗೆ ಕೆಲಸ. ನಾನು ಅದೇ ರಸ್ತೆಯ ಇನ್ನೊಂದು ಕಾರ್ಖಾನೆಯಲ್ಲಿ ಫಿಟ್ಟರ್. ಡೆಸ್ಮಂಡ್ ನನ್ನ ಜೊತೆ ಕೆಲಸ ಮಾಡುತ್ತಿದ್ದವನು, ವೈಟ್‌ಫೀಲ್ಡಿನ ಆಂಗ್ಲೋ ಇಂಡಿಯನ್ ಮನೆತನದ ಹುಡುಗ. ಹೊರದೇಶದ ನೆಂಟರು ಅವನಿಗೆ ನ್ಯೂ ವೇವ್ ಎಂಬ ಆಗಿನ ಹೊಸ ಇಂಗ್ಲಿಷ್ ಸಂಗೀತದ ಕ್ಯಾಸೆಟ್ಟು ಕಳಿಸುತ್ತಿದ್ದರು. ನ್ಯೂ ವೇವ್ ಎಂದರೆ ಹೊಸ ಅಲೆ. ಬೆಂಗಳೂರಿಗೆ ಸಮುದ್ರವಿಲ್ಲವಲ್ಲ, ಹಾಗಾಗಿ ಆ ಅಲೆ ನಮ್ಮಲ್ಲಿಗೆ ಕ್ಯಾಸೆಟ್ಟಿನಲ್ಲಿ ಬಂತು. ಹಾಡುವವನು ನಗಬಾರದು, ಕೂದಲು ನೆಟ್ಟಗೆ ನಿಲ್ಲಬೇಕು, ತಾಳ ಯಂತ್ರದಂತೆ ಒಂದಿಷ್ಟೂ ಬಳುಕದೆ ನಡೆಯಬೇಕು ಎಂಬುದು ಅದರ ಶಾಸ್ತ್ರ. ಊರಿನ ಬೇರೆ ಹುಡುಗರಿಗೆ ಇದೆಲ್ಲ ಹೊಸದಿರಬಹುದು. ಬೆಳಗಾದರೆ ಸಾಲುಸಾಲು ಪ್ರೆಸ್ಸುಗಳು ನೆಲ ಗುದ್ದುವ ಸದ್ದಿನಲ್ಲೇ ಹಲ್ಲುಜ್ಜುತ್ತಿದ್ದ ನಮಗೆ ಆ ತಾಳ ಆಗಲೇ ಮೈಗೆ ಹತ್ತಿತ್ತು.

ಹಸು ಮಾರಿದ ಮೇಲೆ ಖಾಲಿಯಾಗಿದ್ದ ನಮ್ಮ ಕೊಟ್ಟಿಗೆಯಲ್ಲಿ ಅಭ್ಯಾಸ. ನನಗೂ ಗಿಟಾರು ಬರುತ್ತಿತ್ತು, ಡೆಸ್ಮಂಡನಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವನು ತನ್ನ ಚಿಕ್ಕಪ್ಪನ ಹಳೆಯ ಬೇಸ್ ಗಿಟಾರನ್ನು ನನ್ನ ಕೈಗಿತ್ತು, "ನೀನು ಇದನ್ನ ಹಿಡ್ಕೋ ಮಗಾ, ನಿನ್ನ ಬೆರಳು ದಪ್ಪ ಇದೆ" ಎಂದ. ಲೋಕದ ಬೇಸ್ ವಾದಕರೆಲ್ಲ ಹೀಗೇ ಹುಟ್ಟುತ್ತಾರೆಂದು ನನ್ನ ಗುಮಾನಿ. ಮೊದಮೊದಲು ಅವಮಾನವಾಯಿತು, ಆಮೇಲೆ ಅದರ ರುಚಿ ಹತ್ತಿತು. ಆ ಸಂಗೀತದಲ್ಲಿ ಗಿಟಾರು ತೆಳ್ಳಗೆ ಕೊರೆಯುತ್ತಿರುತ್ತದೆ, ಹಾಡು ಒಣಗಿಕೊಂಡಿರುತ್ತದೆ. ಒಳಗಿನ ದುಃಖವನ್ನೆಲ್ಲ ಹೊತ್ತು ನಡೆಯುವುದು ಬೇಸ್. ಆದರೆ ನಮ್ಮಲ್ಲಿದ್ದದ್ದು ಒಂದು ಪುಟ್ಟ ಆಂಪ್ಲಿಫೈಯರು. ಅದರಲ್ಲಿ ನನ್ನ ತಂತಿಗಳು ನೆಗಡಿಯಾದವರಂತೆ ಗೊರಗೊರ ಎನ್ನುತ್ತಿದ್ದವು. ಅಪ್ಪ ಒಮ್ಮೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, "ಏನ್ಲಾ, ಬೆಳ್ಳು ಆಡ್ತವೆ, ಸದ್ದೇ ಬರಾಕಿಲ್ಲ" ಎಂದ. ಅವನಿಗೆ ಕಿವಿ ಮಂದ ಎಂದುಕೊಂಡೆ. ಶಿವು ಮಾತ್ರ, "ಕಿವಿ ಸರಿ ಇರೋ ನನಗೂ ಬರ್ತಿಲ್ಲ ಗುರು" ಎಂದು ನಕ್ಕ.

ಅಪ್ಪನ ಕಿವಿ ಹೋದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಿವುಡು ಎಂದರೆ ಎಲ್ಲ ಸದ್ದೂ ಒಟ್ಟಿಗೆ ಸಣ್ಣದಾಗುವುದು ಎಂದು ನಾವು ತಿಳಿದಿದ್ದೆವು, ಹಾಗಲ್ಲ. ಮೊದಲು ಹೋಗುವುದು ತೆಳ್ಳನೆಯ ಸದ್ದುಗಳು. ಗುಬ್ಬಿಗಳು ಹೋದವು, ಸೈಕಲ್ಲಿನ ಗಂಟೆ ಹೋಯಿತು, ಅವ್ವನ ಬಳೆ ಹೋಯಿತು, ಸ್ವಲ್ಪ ದಿನಕ್ಕೆ ಅವ್ವನ ದನಿಯೇ ಹೋಯಿತು. ಗಂಡಸರು ಕಿವಿಯ ಹತ್ತಿರ ಕೂಗಿ ಮಾತಾಡಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಲಾರಿ, ಗುಡುಗು ಸರಾಗವಾಗಿ ಕೇಳುತ್ತಿದ್ದವು. ನನ್ನದು ತಾಯಿಯಿಂದ ಬಂದ ಕೀರಲು ದನಿ. ಅದೂ ಅವನ ಪಾಲಿಗೆ ಇರಲಿಲ್ಲ. ಒಂದೇ ಸೂರಿನ ಕೆಳಗೆ ನಾವು ಮೂರು ಜನ ಕೈಸನ್ನೆಯಲ್ಲಿ ಸಂಸಾರ ಮಾಡುತ್ತಿದ್ದೆವು.

ಕಾರ್ಮಿಕರ ಆಸ್ಪತ್ರೆಗೆ ನಾನೂ ಅವ್ವನೂ ಅವನನ್ನು ಕರೆದುಕೊಂಡು ಹೋದೆವು. ಡಾಕ್ಟರು ಕಿವಿ ನೋಡಿ, "ಕೆಲಸ ಮಾಡೋವಾಗ ಹತ್ತಿ ಇಟ್ಕೊಳ್ತಿರ್ಲಿಲ್ವಾ? ಕಂಪನಿಯವರು ಕೊಡ್ತಾರಲ್ಲ?" ಎಂದು ಕೇಳಿದರು. ಅಪ್ಪನಿಗೆ ಪ್ರಶ್ನೆ ಕೇಳಿಸಲಿಲ್ಲ, ಅವ್ವನಿಗೆ ಕೇಳಿಸಿತು. ಕಂಪನಿ ಹತ್ತಿ ಕೊಡುತ್ತಿದ್ದದ್ದು ನಿಜ. ಅಪ್ಪ ಅದನ್ನು ಜೇಬಿನಲ್ಲಿಟ್ಟು ಮನೆಗೆ ತರುತ್ತಿದ್ದ. ಅಂಗಡಿಯ ಹತ್ತಿಗಿಂತ ಬೆಳ್ಳಗಿದೆ ಎಂದು ಅವ್ವ ಅದರಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಅದು ಯಾತಕ್ಕೆ ಕೊಟ್ಟದ್ದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಕೈಸನ್ನೆ ಮಾಡಿ ಕೇಳಿದಾಗ ಅಪ್ಪ ಆಸ್ಪತ್ರೆಯೆಲ್ಲ ಕೇಳುವಂತೆ ಹೇಳಿದ, "ಹತ್ತಿ ಇಟ್ಕಂಡ್ರೆ ಪಕ್ಕದೋನು ಕೂಗೋದು ಕೇಳಾಕಿಲ್ಲ. ಒಬ್ಬ ತಗಡು ಇಡ್ತಾನೆ, ಒಬ್ಬ ಪೆಡ್ಲು ತುಳೀತಾನೆ. ಕೈ ಐತೆ ಅಂತ ಕೂಗಿದ್ದು ಕೇಳ್ದಿದ್ರೆ ಬೆಳ್ಳು ಓಯ್ತದೆ. ಬೆಳ್ಳು ಓದ್ರೆ ಕೆಲ್ಸ ಓಯ್ತದೆ, ಕಿವಿ ಓದ್ರೆ ಏನಾಯ್ತದೆ?" ಪ್ರೆಸ್ ಶಾಪಿನವರೆಲ್ಲ ಮಾಡಿಕೊಂಡಿದ್ದ ತೀರ್ಮಾನ ಅದು. ಉಳಿದಿರುವುದೂ ನಿಲ್ಲುವುದಿಲ್ಲ ಎಂದು ಡಾಕ್ಟರು ನನಗೆ ಬೇರೆಯಾಗಿ ಹೇಳಿದರು. ಅವ್ವ ಆಮೇಲೆ ಹತ್ತಿಯ ಬತ್ತಿ ಹೊಸೆಯಲಿಲ್ಲ, ಹಳೆಯ ಪಂಚೆಯ ಅಂಚನ್ನು ಹರಿದು ದೀಪ ಹಚ್ಚತೊಡಗಿದಳು.

ಆ ದಿನದಿಂದ ನನಗೆ ಒಂದೇ ಹಟ. ನನ್ನ ಮಾತಂತೂ ಅಪ್ಪನನ್ನು ಮುಟ್ಟುವುದಿಲ್ಲ, ಅವನಿಗೆ ಇನ್ನೂ ಉಳಿದಿರುವ ದಪ್ಪ ಸದ್ದಿನಲ್ಲಾದರೂ ಅವನು ನನ್ನನ್ನು ಒಮ್ಮೆ ಕೇಳಬೇಕು, ಅದು ಹೋಗುವುದರೊಳಗೆ ಕೇಳಬೇಕು.

ಆ ವರ್ಷ ಅಪ್ಪನ ಕಾರ್ಖಾನೆಯ ಆಯುಧಪೂಜೆಗೆ ಬಾರಿಸಲು ನಮ್ಮನ್ನು ಕರೆದರು. ಪ್ರೆಸ್ಸುಗಳು ಬಾಯಿ ಮುಚ್ಚುವ ದಿನ ವರ್ಷದಲ್ಲಿ ಅದೊಂದೇ. ಎಣ್ಣೆ ಒರೆಸಿಕೊಂಡು, ವಿಭೂತಿ ಕುಂಕುಮ ಇಟ್ಟುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಅವು ಮದುವೆಗೆ ಬಂದ ಬೀಗರಂತೆ ಗಂಭೀರವಾಗಿ ನಿಂತಿದ್ದವು. ಆದರೆ ಮೈಕ್ ಸೆಟ್ಟಿನವನು ತಂದಿದ್ದದ್ದು ಉಮ್ಮತ್ತಿ ಹೂವಿನಂಥ ಹಾರ್ನುಗಳನ್ನು. ಅವುಗಳಲ್ಲಿ ಭಾಷಣ ಊರಾಚೆಗೂ ಕೇಳುತ್ತದೆ, ಬೇಸ್ ಗಿಟಾರು ಪಕ್ಕದಲ್ಲಿ ನಿಂತವನಿಗೂ ಕೇಳುವುದಿಲ್ಲ. ನಾನು ಸೀದಾ ಊರಾಚೆಯ ಟೆಂಟ್ ಸಿನಿಮಾಕ್ಕೆ ಓಡಿದೆ. ಪರದೆಯ ಹಿಂದೆ ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆ ಇರುವುದು ನನಗೆ ಗೊತ್ತಿತ್ತು. ಆಪರೇಟರನಿಗೆ ಕೈಮುಗಿದೆ. "ಸಾಯಂಕಾಲದ ಶೋಗೆ ವಾಪಸ್ ಬಂದ್ಬಿಡ್ಬೇಕು ಗುರು, ಇಲ್ದಿದ್ರೆ ಜನ ಪರದೆ ಬದ್ಲು ನನ್ನ ಕಟ್ತಾರೆ" ಎಂದ. ಶಿವು, ನಾನು ಅದನ್ನೂ ಅದರ ಆಂಪ್ಲಿಫೈಯರನ್ನೂ ತಳ್ಳುಗಾಡಿಯ ಮೇಲೆ ಹೇರಿಕೊಂಡು ಬಂದು ಪ್ರೆಸ್ ಶಾಪಿನ ಕಾಂಕ್ರೀಟು ನೆಲದ ಮೇಲೆ ಇಳಿಸಿ ನನ್ನ ಗಿಟಾರಿಗೆ ಜೋಡಿಸಿದೆವು.

ಹಾಡು ಶುರುವಾಯಿತು. ಆಫೀಸಿನವರು, ಟೂಲ್ ರೂಮಿನವರು ಕಡಲೆಪುರಿಯ ಪೊಟ್ಟಣ ಹಿಡಿದು ಸ್ವಲ್ಪ ಹೊತ್ತು ನಿಂತರು, ಸಿನಿಮಾ ಹಾಡು ಹೇಳಿ ಎಂದರು, ಆಕಳಿಸಿದರು, ಹೊರಟರು. ಪ್ರೆಸ್ ಶಾಪಿನವರು ಹೋಗಲಿಲ್ಲ. ಅವರು ಹಾಡುವ ಡೆಸ್ಮಂಡನನ್ನು ಬಿಟ್ಟು ಒಬ್ಬೊಬ್ಬರೇ ನನ್ನ ಪೆಟ್ಟಿಗೆಯ ಕಡೆ ಬಂದರು. ಯಾರೋ ಅದರ ಮೇಲೆ ಅಂಗೈ ಇಟ್ಟರು, ಯಾರೋ ತಲೆದೂಗಿದರು. ಅಪ್ಪ ಎಲ್ಲರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕಣ್ಣು ಮುಚ್ಚಿದ. ನನ್ನ ಬೆರಳು ಆಡಿದಂತೆಲ್ಲ ಅವನ ಗಡ್ಡ ಆಡುತ್ತಿತ್ತು. ನಾನು ಇದ್ದೇನೆ ಎಂದು ನನಗೆ ಅಷ್ಟು ಖಾತ್ರಿಯಾಗಿ ಅನ್ನಿಸಿದ್ದು ಅದೇ ಮೊದಲು. ಹಾಡು ನಿಂತಾಗ ಅಪ್ಪನ ಜೊತೆಗಾರ ಮುನಿಯಣ್ಣ ನನ್ನ ಭುಜ ಹಿಡಿದು, "ಒಂದ್ ಹಾಡು ಅಂತ ಕೇಳಿ ಬಾಳ ವರ್ಸ ಆಗಿತ್ತು ಕಣಪ್ಪ" ಎಂದ. ನಾನು ಉಬ್ಬಿಹೋದೆ. ಆಗ ಅಪ್ಪ ಕಣ್ಣು ಬಿಟ್ಟು, ಬೆವರಿ ತೊಪ್ಪೆಯಾಗಿ ನಿಂತಿದ್ದ ಡೆಸ್ಮಂಡನನ್ನು ತೋರಿಸಿ ಕೇಳಿದ, "ಆ ಉಡುಗ ಯಾಕ್ಲಾ ಬರೀ ಬಾಯಾಡುಸ್ತಾ ನಿಂತವ್ನೆ?"

ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬೇಸ್ ಬಾರಿಸುವವನನ್ನು ಮಾತ್ರ ಕೇಳುವ ಸಭೆಯೊಂದು ಲೋಕದಲ್ಲಿ ಇದ್ದೀತೆಂದು ಯಾರೂ ಕನಸು ಕಂಡಿರಲಾರರು, ನನಗೆ ಅಂಥದ್ದು ಸಿಕ್ಕಿತು. ಅದನ್ನು ನನಗಾಗಿ ತಯಾರು ಮಾಡಿಕೊಟ್ಟದ್ದು ಹಾರ ಹಾಕಿಕೊಂಡು ಸುತ್ತ ನಿಂತಿದ್ದ ಅದೇ ಪ್ರೆಸ್ಸುಗಳು. ಅವು ಹಾಡನ್ನು ತಿಂದು, ಗಿಟಾರನ್ನು ತಿಂದು, ಹೆಂಡತಿ ಮಕ್ಕಳ ದನಿಯನ್ನು ತಿಂದು, ಕೊನೆಗೆ ಮಿಗಿಸಿದ್ದ ತುತ್ತು ನಾನು. ಮೆಚ್ಚುಗೆ ಬೇಕು ಎಂದು ಹಂಬಲಿಸುವ ಎಳೆಯರನ್ನು ಕಂಡಾಗ ನನಗೆ ಸ್ವಲ್ಪ ಭಯವೇ ಆಗುತ್ತದೆ. ನಮ್ಮನ್ನು ಮೆಚ್ಚಿದವರು ಏನನ್ನು ಕಳೆದುಕೊಂಡು ನಮ್ಮ ಹತ್ತಿರ ಬಂದರು ಎಂದು ನಾವು ಕೇಳುವುದಿಲ್ಲ. ಕೇಳಿದರೆ ಬಹುಶಃ ವಾದ್ಯವನ್ನು ಕೆಳಗಿಡುತ್ತೇವೆ.

ನಾನು ಕೆಳಗಿಡಲಿಲ್ಲ, ಯಾಕೆಂದರೆ ಅಪ್ಪ ಬಿಡಲಿಲ್ಲ. ಡೆಸ್ಮಂಡನ ಮನೆಯವರು ಎಲ್ಲ ಮಾರಿ ಆಸ್ಟ್ರೇಲಿಯಾಕ್ಕೆ ಹೋದರು, ಬ್ಯಾಂಡು ಮುಗಿಯಿತು. ಬಡಗಿಯಿಂದ ಒಂದು ಪೆಟ್ಟಿಗೆ ಮಾಡಿಸಿ, ಅದಕ್ಕೆ ಸಾಧಾರಣ ದೊಡ್ಡದೊಂದು ಸ್ಪೀಕರ್ ಕೂರಿಸಿ ಮನೆಯಲ್ಲಿ ಇಟ್ಟುಕೊಂಡೆ. ಭಾನುವಾರ ಮುದ್ದೆ ಉಂಡು ಕೈ ತೊಳೆದರೆ ಅಪ್ಪ ಹೊರಗೆ ಜಗಲಿಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚುತ್ತಿದ್ದ, ನಾನು ಒಳಗಿನಿಂದ ಬಾರಿಸುತ್ತಿದ್ದೆ. ಹಾಡಿಲ್ಲದ, ಡ್ರಮ್ಮಿಲ್ಲದ, ಬರೀ ತಳಪಾಯದಂಥ ಆ ಸಂಗೀತವನ್ನು ಇಡೀ ಪೀಣ್ಯದಲ್ಲಿ ಒಬ್ಬನು ಕಾದು ಕೇಳುತ್ತಿದ್ದ. ನಾನು ಅಪ್ಪನ ಜೊತೆ ಮಾತಾಡಿದ್ದು ಅಂತ ಇದ್ದರೆ ಆ ಭಾನುವಾರಗಳಲ್ಲಿ. ಆಮೇಲೆ ಅವನು ಜಗಲಿಯಿಂದ ಹೊಸ್ತಿಲಿಗೆ ಬಂದು ಕೂರತೊಡಗಿದ. ಬಿಸಿಲು ಅಂದ. ಇನ್ನೊಂದಷ್ಟು ತಿಂಗಳು ಕಳೆದ ಮೇಲೆ ಹೊಸ್ತಿಲಿನಿಂದ ನಡುಮನೆಗೆ, ಪೆಟ್ಟಿಗೆಯ ಎದುರಿಗೇ ಬಂದ. ಹೊರಗೆ ನೊಣ ಅಂದ. ನಾನು ಸದ್ದು ಹೆಚ್ಚಿಸುತ್ತ ಹೋದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದು ಬೈದು ಹೋದರು.

ಒಂದು ಭಾನುವಾರ ಅಪ್ಪ ಎಂದಿನಂತೆ ಸಗಣಿ ಸಾರಿಸಿದ ನೆಲದ ಮೇಲೆ ಚಾಪೆ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಅವನಿಗೆ ಬಹಳ ಇಷ್ಟವಾದದ್ದನ್ನೇ ಮೊದಲು ಬಾರಿಸಿದೆ. ಅದು ಮುಗಿಯಿತು, ಇನ್ನೊಂದಕ್ಕೆ ಕೈ ಹಾಕಿದೆ. ಗೋಡೆಯ ಮೇಲಿನ ತಟ್ಟೆಗಳು ಸಣ್ಣಗೆ ಅದುರುತ್ತಿದ್ದವು. ಅಪ್ಪ ಕಣ್ಣು ಮುಚ್ಚಿಕೊಂಡೇ, ಬಹಳ ಹೊತ್ತು ಕಾದವನ ಸಹನೆಯಿಂದ, "ಸುರು ಮಾಡ್ಲಾ ಮಗ, ಇನ್ನೂ ಯಾಕ್ ತಡ?" ಎಂದ.

ನಾನು ಬಾರಿಸುತ್ತಲೇ ಇದ್ದೆ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು.