ಸಲೂನಿನ ಹಿಂದಿನ ಡ್ರಮ್ಮು

ನಮ್ಮ ಯಜಮಾನರದು ಸಲೂನು. ಹಗಲೆಲ್ಲ ಕತ್ತರಿ, ಸಂಜೆಯಾದರೆ ಡ್ರಮ್ಮು. ಕತ್ತರಿಯಲ್ಲೂ ತಾಳ ಹಾಕುತ್ತಿದ್ದರು. ಗಿರಾಕಿ ಮೈಮರೆತು ತಲೆದೂಗಿದರೆ, "ಅಲ್ಲಾಡ್ಬೇಡಿ, ಕಿವಿ ಹೋಗುತ್ತೆ!" ಎಂದು ಗದರುವವರೂ ಅವರೇ.

ಸಲೂನಿನ ಹಿಂದಿನ ಕೋಣೆಯಲ್ಲಿ ಅವರ ಬ್ಯಾಂಡಿನ ಅಭ್ಯಾಸ. ಗಿಟಾರಿನವಳು ಇವರ ತಂಗಿಯ ಮಗಳು. ಅವಳು ಹೇಳಿದ್ದೇ ವೇದವಾಕ್ಯ. ನುಡಿಸುವುದು ರಾಕ್ ಸಂಗೀತವೇ, ಆದರೆ ಅದರೊಳಗೆ ಅರಬರ ಊದ್ ಎಂಬ ತಂತಿವಾದ್ಯ, ಆಫ್ರಿಕಾದ ಡೋಲು, ಎಲ್ಲಿಯದೋ ಕೊಳಲು. ಒಂದೊಂದು ಹಾಡೂ ಅರ್ಧ ಗಂಟೆ. "ಇದು ಮುಗಿಯೋದ್ರೊಳಗೆ ಅಡುಗೆ ಮಾಡಿ, ಪಾತ್ರೆ ತೊಳೆದು ಬರ್ತೀನಿ" ಎಂದು ನಾನು ಛೇಡಿಸುತ್ತಿದ್ದೆ. ತಾಳವಾದರೂ ನೆಟ್ಟಗಿದೆಯೇ? ಏಳು ಪೆಟ್ಟು, ಆಮೇಲೆ ಐದು, ಮತ್ತೆ ಏಳು. ಅದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಎಲ್ಲರನ್ನೂ ದಡ ಸೇರಿಸುವುದು ಇವರ ಕೆಲಸ.

ಹೋದ ವರ್ಷ ಇವರಿಗೆ ಲಕ್ವ ಹೊಡೆಯಿತು. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಎಡಗೈ ಹೇಗೋ ಮರಳಿತು. ಎಣಿಕೆ ಮಾತ್ರ ಆಗಾಗ ಕೈಕೊಡುತ್ತಿತ್ತು. ಬೇರೆ ಡ್ರಮ್ಮರನ್ನು ನೋಡಿಕೊಳ್ಳಿ ಎಂದು ನಾನೇ ಬ್ಯಾಂಡಿನವರಿಗೆ ಹೇಳಿದೆ. "ಸುಮ್ನಿರಿ ಅತ್ತೆ" ಎಂದು ಆ ಹುಡುಗಿ ನನ್ನ ಬಾಯಿ ಮುಚ್ಚಿಸಿದಳು.

ಮತ್ತೆ ವೇದಿಕೆ ಹತ್ತುವ ದಿನ ಬಂತು. ಇವರು ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತ, "ಇವತ್ತು ತಪ್ಪಿದ್ರೆ ಮುಗೀತು ಕಣೆ. ಇನ್ನು ಡ್ರಮ್ ಮುಟ್ಟಲ್ಲ" ಅಂದರು.

ತಪ್ಪಿದರು. ಹಾಡಿನ ನಡುವೆ ಎಣಿಕೆ ಜಾರಿ, ಎರಡೂ ಸ್ಟಿಕ್ಕು ಗಾಳಿಯಲ್ಲೇ ನಿಂತುಬಿಟ್ಟವು. ಪರದೆಯ ಪಕ್ಕದಲ್ಲಿದ್ದ ನಾನು ಹುಡುಗಿಯ ಕಡೆ ನೋಡಿದೆ. ಅವಳು ತಿರುಗಿಯೂ ನೋಡಲಿಲ್ಲ. ನುಡಿಸುತ್ತಿದ್ದ ಸಾಲನ್ನೇ ಮತ್ತೆ ನುಡಿಸಿದಳು, ಮೆಲ್ಲಗೆ, ಮತ್ತೆ ಮತ್ತೆ. ಊದ್ ಸೇರಿಕೊಂಡಿತು, ಕೊಳಲೂ ಸೇರಿಕೊಂಡಿತು. ಇವರ ತುಟಿಗಳು ಎಣಿಸತೊಡಗಿದವು. ಕಡೆಗೂ ಪೆಟ್ಟು ಬಿತ್ತು, ಸರಿಯಾದ ಜಾಗಕ್ಕೇ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದೂ ಹಾಡಿನದೇ ಭಾಗ ಎಂದುಕೊಂಡಿದ್ದರು. ಬ್ಯಾಂಡಿನ ಆ ಮಕ್ಕಳ ಋಣ ಈ ಜನ್ಮಕ್ಕೆ ತೀರುವಂಥದ್ದಲ್ಲ.

ಈಗ ಇವರು ಚೆನ್ನಾಗಿದ್ದಾರೆ, ತಪ್ಪುವುದಿಲ್ಲ. ಆದರೂ ಮೊನ್ನೆ ಅಭ್ಯಾಸದಲ್ಲಿ ಅಂದು ತಪ್ಪಿದ್ದ ಜಾಗ ಬಂದಾಗ ಎಲ್ಲರೂ ಅದೇ ಸಾಲನ್ನು ಮತ್ತೆ ಮತ್ತೆ ನುಡಿಸತೊಡಗಿದರು. ಇವರಿಗೆ ರೇಗಿತು.

"ನಂಗೇನಾಗಿದೆ ಈಗ? ಯಾಕೆ ಕಾಯ್ತೀರಿ?"

"ಯಾರೂ ಕಾಯ್ತಿಲ್ಲ ಮಾವ, ಹಾಡು ಇರೋದೇ ಹೀಗೆ. ನೀವು ಸ್ಟಿಕ್ ಎತ್ಕೊಂಡು ಕೂತಿರ್ಬೇಕು" ಅಂದಳು ಹುಡುಗಿ.

ಇವರು ಎರಡೂ ಸ್ಟಿಕ್ಕು ಎತ್ತಿ ಹಿಡಿದರು.

"ಎಷ್ಟು ಹೊತ್ತು?"

"ನಿಮಗೆ ಎಷ್ಟು ಬೇಕೋ ಅಷ್ಟು."