ಮೂರನೇ ಎಣ್ಣೆ

ನಾನು ಕಾರಿಗೆ ಹಾಕಿದ ಎಣ್ಣೆಯನ್ನು ನನ್ನದೇ ಗ್ಯಾರೇಜಿನಲ್ಲಿ, ಗಿರಾಕಿ ನಿಂತು ನೋಡುತ್ತಿರುವಾಗಲೇ ಸಿದ್ದಲಿಂಗ ಬಸಿದು ಹೊರಗೆ ಹಾಕಿದ. ಆರು ವರ್ಷವಾಯಿತು. ಬಾಜೂಕ್ಕೆ ಕರೆದು ಹೇಳಬಹುದಿತ್ತಲ್ಲ ಎಂಬ ಸಿಟ್ಟು ಇವತ್ತಿಗೂ ಇದೆ. ಅದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಬರೆಯುವುದೆಲ್ಲ ಅವನ ಒಳ್ಳೆಯತನವೇ.

ನಾನು ಮುಶಿಗೇರಿಯ ಕರೆಪ್ಪ. ಐದನೇ ಇಯತ್ತೆಗೆ ಸಾಲೆ ಬಿಟ್ಟವ. ಗಜೇಂದ್ರಗಡದಲ್ಲಿ ರೋಣ ರಸ್ತೆಗೆ ನನ್ನ ತಗಡಿನ ಗ್ಯಾರೇಜು. ಬರುವುದು ಹೆಚ್ಚಾಗಿ ಟ್ರ್ಯಾಕ್ಟರುಗಳೇ. ಸಿದ್ದಲಿಂಗ ಇಟಗಿಯವ, ಹಿಂದೆ ಮುಂದೆ ಯಾರೂ ಇಲ್ಲದೆ ಭೀಮಾಂಬಿಕೆಯ ಗುಡಿಯ ಪ್ರಸಾದ ಉಂಡು ಬೆಳೆದವ. ಹದಿನೇಳು ವರ್ಷ ನನ್ನ ಜೊತೆ ದುಡಿದ, ಗ್ಯಾರೇಜಿನ ಹಿಂದಿನ ಕೋಣೆಯಲ್ಲೇ ಮಲಗಿದ. ನನ್ನ ಹೆಂಡತಿ ಮಾಳವ್ವ ತೀರಿಕೊಂಡ ಮೇಲೆ ರೊಟ್ಟಿ ಬಡಿಯುತ್ತಿದ್ದವನೂ ಅವನೇ. ಎಷ್ಟು ತಿಕ್ಕಿ ತೊಳೆದರೂ ಆ ರೊಟ್ಟಿಗೆ ಸ್ವಲ್ಪ ಡೀಸೆಲ್ ವಾಸನೆ ಇರುತ್ತಿತ್ತು. ಇಬ್ಬರೂ ಜೊತೆಗೇ ಕೂತು ಉಣ್ಣುತ್ತಿದ್ದೆವು.

ಅವನ ಕೆಲಸಕ್ಕೆ ಒಂದು ರೀತಿ ಇತ್ತು. ಎಣ್ಣೆ ಬದಲಿಸುವಾಗ ಮೊದಲು ತುಂಬುವ ಮೇಲಿನ ಬೋಲ್ಟು ಬಿಚ್ಚಬೇಕು, ಆಮೇಲೆ ಬಸಿಯುವ ಕೆಳಗಿನದು. ಮೇಲಿನದು ಜಾಮಾಗಿ ಕೂತಿದ್ದರೆ, ಬಸಿದ ಮೇಲೆ ತುಂಬುವುದು ಎಲ್ಲಿಂದ? ಬಸಿದ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಒಂದಿಷ್ಟನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಡುತ್ತಿದ್ದ. ಅದರ ಚೀಟಿಯ ಮೇಲೆ ಗಾಡಿ ಯಾವುದು, ತಾರೀಖು ಎಷ್ಟು, ಹಿಂದಿನ ಸಲ ಆ ಎಣ್ಣೆ ಹಾಕಿದವರು ಯಾರು ಎಂದು ಬರೆಯುತ್ತಿದ್ದ. ಹಲಗೆಯ ಮೇಲೆ ಅಂಥವು ಇನ್ನೂರು ಇದ್ದವು. ಅದಕ್ಕೆ ನಾನು ನಗುತ್ತಿದ್ದೆ.

ಒಂದು ದಿನ ನರಗುಂದದ ರಘೂತ್ತಮ ವಕೀಲರು ಒಂದು ಕಾರು ತಂದರು. ರೇಸಿಗೆ ಓಡಿಸುವಂಥದ್ದು, ಇಂಜಿನ್ನಿನ ಜೋರು ನಾಲ್ಕೂ ಗಾಲಿಗೆ ಹೋಗುತ್ತದೆ. ಎಣ್ಣೆ ಬದಲಿಸಿ ಎಂದರು. ಸಿದ್ದಲಿಂಗ ಸಾಮಾನು ತರಲು ರೋಣಕ್ಕೆ ಹೋಗಿದ್ದ. ಟ್ರ್ಯಾಕ್ಟರಿನಲ್ಲಿ ಗೇರಿಗೆ, ಹಿಂದಿನ ಅಚ್ಚಿಗೆ, ಲಿಫ್ಟಿಗೆ ಎಲ್ಲಕ್ಕೂ ಒಂದೇ ಎಣ್ಣೆ. ನನ್ನ ಕೈಗೆ ಅದೇ ರೂಢಿ. ಆ ಕಾರಿನ ಕೆಳಗೆ ಮೂರು ಕಡೆ ಬೋಲ್ಟು ಕಂಡವು. ಮೂರಕ್ಕೂ ಅದೇ ಡ್ರಮ್ಮಿನ ಎಣ್ಣೆ ತುಂಬಿದೆ.

ವಕೀಲರು ಕೋಟೆ ಗುಡ್ಡದ ಕಡೆ ಒಂದು ಸುತ್ತು ಹೋಗಿ ಅರ್ಧ ತಾಸಿನಲ್ಲಿ ಹೊಳ್ಳಿ ಬಂದರು. ತಿರುವಿನಲ್ಲಿ ಗಾಡಿ ಜಗ್ಗುತ್ತದೆ, ಹಿಂದಿನ ಗಾಲಿ ಯಾರೋ ಹಿಡಿದೆಳೆದಂತೆ ಕುಂಟುತ್ತದೆ ಎಂದರು. ಹೊಸ ಎಣ್ಣೆ, ಹೊಂದಿಕೊಳ್ಳಲು ಟೈಮು ಬೇಕು ಎಂದು ನಾನು ಹೇಳುತ್ತಿದ್ದಾಗಲೇ ಸಿದ್ದಲಿಂಗ ಬಂದ. ಡ್ರಮ್ಮು ನೋಡಿದ, ನನ್ನ ಕೈ ನೋಡಿದ. ಸೀದಾ ಕಾರಿನ ಕೆಳಗೆ ಹೊಕ್ಕು ಮೂರೂ ಕಡೆ ಬಸಿಯತೊಡಗಿದ. ಮಲಗಿದಲ್ಲಿಂದಲೇ ವಕೀಲರಿಗೆ ತಿಳಿಸಿ ಹೇಳಿದ: ಮುಂದಿನ ಗೇರು ಪೆಟ್ಟಿಗೆಯಲ್ಲೂ ಹಿಂದಿನ ಅಚ್ಚಿನಲ್ಲೂ ಹಲ್ಲಿಗೆ ಹಲ್ಲು ಉಜ್ಜುತ್ತದೆ, ಅಲ್ಲಿಗೆ ಟ್ರ್ಯಾಕ್ಟರಿನದು ಸಾಲದು, ಗಂಧಕದ ವಾಸನೆಯ ದಪ್ಪ ಎಣ್ಣೆ ಬೇಕು. ಅಚ್ಚಿನ ಮುಂದಿರುವ ಮೂರನೆಯದರಲ್ಲಿ ತೆಳ್ಳನೆಯ ಕ್ಲಚ್ ಪ್ಲೇಟುಗಳಿವೆ, ಹಿಂದಿನ ಗಾಲಿಗೆ ಎಷ್ಟು ಜೋರು ಬಿಡಬೇಕು ಎಂಬುದು ಅವುಗಳ ಕೆಲಸ. ಅದಕ್ಕೆ ನೀರಿನಂಥ ಬೇರೆಯೇ ಎಣ್ಣೆ. ಈ ಡ್ರಮ್ಮಿನ ದಪ್ಪನೆಯದು ಹಾಕಿದರೆ ಪ್ಲೇಟು ಅಂಟಿಕೊಂಡು ತಿರುವಿನಲ್ಲಿ ಬಿಡುವುದಿಲ್ಲ, ಹಿಂಗೇ ಓಡಿಸಿದರೆ ಸುಟ್ಟೇ ಹೋಗುತ್ತವೆ.

ನನ್ನ ತಲೆ ಕಾದಿತ್ತು. "ಗುಡಿ ಪ್ರಸಾದ ಉಂಡು ಬೆಳದ ಪರದೇಶಿ, ನನಗ ಎಣ್ಣಿ ಕಲಸ್ತೀಯೇನಲೇ?" ಅಂದುಬಿಟ್ಟೆ.

ವಕೀಲರು ಮುಖ ಆ ಕಡೆ ಹೊರಳಿಸಿದರು. ಸಿದ್ದಲಿಂಗ ಕೆಳಗಿಂದಲೇ ಅಂದ:

"ಗಾಡಿ ಬಾಯಿ ತಗದೇನಿ, ಕರೆಪ್ಪಣ್ಣ. ಅದನ್ನ ಮುಚ್ಚೂತನಾ ಇರ್ತೀನಿ."

ಸರಿಯಾದ ಎಣ್ಣೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರಲು ಮೂರು ದಿನ ಹಿಡಿಯಿತು. ಆ ಮೂರೂ ದಿನ ಅವನು ರೊಟ್ಟಿ ಬಡಿದಿಟ್ಟ, ನನ್ನ ಜೊತೆ ಕೂತು ಉಣ್ಣಲಿಲ್ಲ. ನಾಲ್ಕನೇ ದಿನ ಮೂರು ಕಡೆಗೂ ತುಂಬಿ, ವಕೀಲರನ್ನು ಕರೆಸಿ ಎಪಿಎಂಸಿ ಬಯಲಿನಲ್ಲಿ ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದ. ಕಾರು ಬೆಣ್ಣೆಯಂತೆ ಹೊರಳಿತು. ಬೋಲ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಸಾಲಾಗಿ ಇಟ್ಟು, ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದ. ತಾನೇ ಬರುತ್ತಾನೆ ಎಂದು ನಾನೂ ಕರೆಯಲಿಲ್ಲ.

ಎಂಟು ದಿನದ ಮೇಲೆ ಹಲಗೆ ಒರೆಸುವಾಗ ಕೊನೆಯ ಬಾಟಲಿ ಕೈಗೆ ಬಂತು. ಅರ್ಧ ತಾಸು ಓಡಿದ ನನ್ನ ಎಣ್ಣೆ ಆಗಲೇ ಕಪ್ಪಾಗಿತ್ತು. ಚೀಟಿಯಲ್ಲಿ ಗಾಡಿ ಇತ್ತು, ತಾರೀಖು ಇತ್ತು. ಹಾಕಿದವರ ಹೆಸರಿನ ಜಾಗ ಖಾಲಿ. ಇನ್ನೂರರಲ್ಲಿ ಅದೊಂದೇ ಹಾಗೆ.

ನರಗುಂದದಲ್ಲಿದ್ದಾನೆ ಎಂದು ಕೇಳಿ ಮುಂದಿನ ವರ್ಷ ಹೋದೆ. ಕಾಳು ಒಕ್ಕುವ ರಾಶಿ ಯಂತ್ರದ ಕೆಳಗೆ ಮಲಗಿದ್ದ, ಕಾಲಷ್ಟೇ ಕಂಡವು. "ಯಾರ್ರಿ?" ಅಂದ. ಗುರುತಿಲ್ಲದವರಿಗೆ ಅನ್ನುವ ಆ 'ರಿ' ಕೇಳಿ ನನಗೆ ಹೆಸರು ಹೇಳಲು ಆಗಲಿಲ್ಲ. ಏನಿಲ್ಲರಿ ಎಂದು ಸಂಜೆಯ ಬಸ್ಸಿಗೆ ಹೊಳ್ಳಿ ಬಂದೆ. ಮತ್ತೆ ಹೋದಾಗ ಅವನು ರಾಶಿ ಯಂತ್ರದ ಜೊತೆ ರಾಯಚೂರು ಕಡೆ ಹೋಗಿದ್ದ. ಅಲ್ಲಿಂದ ಮುಂದೆ ಎಲ್ಲಿ ಹೋದನೋ ಯಾರಿಗೂ ಗೊತ್ತಿಲ್ಲ.

ಈಗ ಎಲ್ಲಕ್ಕೂ ಮೊದಲು ಮೇಲಿನ ಬೋಲ್ಟನ್ನೇ ಬಿಚ್ಚುತ್ತೇನೆ. ರೊಟ್ಟಿ ನಾನೇ ಬಡಿಯುತ್ತೇನೆ, ದುಂಡಗೆ ಬರುವುದಿಲ್ಲ. ಆ ಚೀಟಿಯ ಖಾಲಿ ಜಾಗದಲ್ಲಿ ಕರೆಪ್ಪ ಎಂದು ನಾನೇ ಬರೆದಿದ್ದೇನೆ. ಅಂದು ಆಡಿದ ಮಾತನ್ನು ಅವನೆದುರು ವಾಪಸ್ ತೆಗೆದುಕೊಳ್ಳುವುದು ಮಾತ್ರ ಬಾಕಿ ಉಳಿಯಿತು.