ಗಂಗವ್ವನಿಗೆ ಅರಿಶಿಣ, ಪೂಲ್‌ಗೆ ಬೀಗ

ಮೊನ್ನೆ ಭಾನುವಾರ ನನ್ನ ತಮ್ಮನ ಮನೆಯ ಸ್ವಿಮ್ಮಿಂಗ್ ಪೂಲ್‌ಗೆ ಬೀಗ ಬಿತ್ತು. ಅದೂ ಅವನ ಮೊಮ್ಮಗನ ಬರ್ತ್‌ಡೇ ದಿನ. ನಾಲ್ಕು ಗಂಟೆಗೆ ಹದಿನೆಂಟು ಮಕ್ಕಳು ಹೆಗಲಿಗೆ ಟವೆಲ್ ಹಾಕಿಕೊಂಡು ಬರುವವರಿದ್ದರು. ಬೀಗ ಹಾಕಿದವರು ಮೌಲಾಸಾಬ್. ಹಾಕುವಂತೆ ಮಾಡಿದವಳು ನಾನು.

ಬಾಗಲಕೋಟೆಯವರಾದ ನಮಗೂ ನೀರಿಗೂ ಹಳೆಯ ಜಗಳ. ಅಣೆಕಟ್ಟಿನ ಹಿನ್ನೀರು ಬಂತೆಂದು ಹಳೆ ಊರಿನ ಮನೆ ಬಿಟ್ಟು ನವನಗರ ಸೇರಿದವರು ನಾವು. ಇಲ್ಲಿ ಹೊಸ ಮನೆ ಕಟ್ಟಿಸಿದ ತಮ್ಮ ಶಿವಾನಂದ ಹಿತ್ತಲಲ್ಲಿ ಪೂಲ್ ಕಟ್ಟಿಸಿದ. ನೀರಿಗೆ ಅಂಜಿ ಬಂದವರು ಯಾರಾದರೂ ನೀರನ್ನೇ ಮನೆಗೆ ಕರೆಯುತ್ತಾರೆಯೇ? ಆದರೆ ನಾನು ಆಡಿಕೊಳ್ಳುವ ಹಾಗಿಲ್ಲ. ನನ್ನ ಮೊಣಕಾಲು ನೋವಿಗೆ ಡಾಕ್ಟರು "ದಿನಾ ಅರ್ಧಾ ತಾಸು ನೀರಾಗ ನಡೀರಿ" ಎಂದಿದ್ದಾರೆ. ಹೀಗಾಗಿ ತಮ್ಮನ ಪೂಲ್‌ಗೆ ಕಾಯಂ ಗಿರಾಕಿ ನಾನೇ. (ನೈಟಿಯ ಕೆಳಗೊಂದು ಹಳೆ ಚೂಡಿದಾರ್ ಪ್ಯಾಂಟು. ನಗಬೇಡಿ.)

ಆ ನೀರನ್ನು ನೋಡಿಕೊಳ್ಳುವವರು ಮೌಲಾಸಾಬ್. ಇಳಕಲ್ಲಿನವರು. ಅರವತ್ತು ದಾಟಿದೆ. ಜೀವಮಾನವೆಲ್ಲ ಸೀರೆಯ ನೂಲಿಗೆ ಬಣ್ಣ ಹಾಕಿ, ಈಗ ಮಗಳ ಮನೆಗೆಂದು ನವನಗರಕ್ಕೆ ಬಂದಿದ್ದಾರೆ.

"ಆಗ ಬಣ್ಣ ಹೋಗಬಾರ್ದು ಅಂತ ದುಡಿದ್ನಿ ಅಕ್ಕಾರ. ಈಗ ಬಣ್ಣ ತೆಗಿಯೋ ಪುಡಿ ಕೂಡ ಸಂಸಾರ!" ಎಂದು ಅವರೇ ನಗುತ್ತಾರೆ. ಪುಡಿ ಎಂದರೆ ಕ್ಲೋರಿನ್ ಪುಡಿ.

ಅವರ ಕೆಲಸ ನೋಡುವುದೇ ಒಂದು ಚೆಂದ. ಬೆಳಿಗ್ಗೆ, ಸಂಜೆ, ಮೊಣಕೈವರೆಗೆ ಕೈ ಇಳಿಬಿಟ್ಟು ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿಯುತ್ತಾರೆ. ಒಂದು ಮಾತ್ರೆ ಹಾಕುತ್ತಾರೆ. ನೀರು ಗುಲಾಬಿಯಾಗುತ್ತದೆ. ಬಿಸಿಲಿಗೆ ಬೆನ್ನು ಮಾಡಿ, ಕಾರ್ಡಿನ ಮೇಲಿನ ಬಣ್ಣಗಳಿಗೆ ಹಿಡಿದು ನೋಡುತ್ತಾರೆ. ನನ್ನ ಕಣ್ಣಿಗೆ ಆ ಕಾರ್ಡಿನ ಗುಲಾಬಿಗಳೆಲ್ಲ ಒಂದೇ. ಅವರಿಗೆ? "ಇದು ಒಂದೂವರಿ. ಇದು ಎರಡು. ಒಂದಕ್ಕ ಇಳೀಬಾರ್ದು, ಮೂರು ದಾಟಬಾರ್ದು." ನಮ್ಮ ಬಿಸಿಲು ಕ್ಲೋರಿನ್ನನ್ನೂ ತಿಂದುಹಾಕುತ್ತದಂತೆ. ಅದಕ್ಕೇ ಹೊತ್ತು ಮುಳುಗಿದ ಮೇಲೆ, ಬಕೆಟ್ ತುಂಬ ನೀರಿಟ್ಟುಕೊಂಡು ಅದಕ್ಕೆ ಪುಡಿ ಹಾಕಿ, ಕಲಸಿ ಪೂಲ್‌ಗೆ ಸುರಿಯುತ್ತಾರೆ. ಪುಡಿಯ ಮೇಲೆ ನೀರು ಸುರಿಯುವುದು ಮಾತ್ರ ಎಂದೂ ಇಲ್ಲ, ಸಿಡಿಯುತ್ತದಂತೆ.

ಇನ್ನು ನನ್ನ ಘನಕಾರ್ಯ ಕೇಳಿ. ಶುಕ್ರವಾರ, ಶನಿವಾರ ಮೌಲಾಸಾಬ್ ಸಂಬಂಧಿಕರ ಮದುವೆಗೆಂದು ಇಳಕಲ್ಲಿಗೆ ಹೋಗಿದ್ದರು. ನನಗೆ ಒಮ್ಮೆಲೇ ಹೊಳೆಯಿತು: ಈ ಪೂಲ್‌ಗೆ ಗಂಗಾಪೂಜೆಯೇ ಆಗಿಲ್ಲ! ಬೋರ್‌ವೆಲ್ ಕೊರೆಸಿದರೆ ಮಾಡುತ್ತೇವೆ. ಬಾವಿ ತೋಡಿಸಿದರೆ ಮಾಡುತ್ತೇವೆ. ಪೂಲ್ ಏನು ಪಾಪ ಮಾಡಿತ್ತು? ಶನಿವಾರ ತಮ್ಮ ಮನೆಯಲ್ಲಿ ಇಲ್ಲದ ಹೊತ್ತಿಗೆ ಐದು ಜನ ಮುತ್ತೈದೆಯರನ್ನು ಕರೆದೆ. ಬಟ್ಟಲು ತುಂಬ ಅರಿಶಿಣ, ಕುಂಕುಮ, ಒಂದು ತಂಬಿಗೆ ಹಾಲು, ಬುಟ್ಟಿ ಚೆಂಡುಹೂವು, ಎಲ್ಲ ಗಂಗವ್ವನ ಉಡಿಗೆಂದು ಪೂಲಿನ ನೀರಿಗೇ ಹಾಕಿದೆ. ಆಮೇಲೆ ಬಂಧುಬಳಗದ ಮಕ್ಕಳು, ತಲೆಗೆ ಎಣ್ಣೆ ತಟ್ಟಿಸಿಕೊಂಡು ಕೂತವರು, ಹಾಗೆಯೇ ದಬದಬ ಹಾರಿದರು. ಸಂಜೆಯವರೆಗೆ ಕುಣಿದರು. ತೇಲುತ್ತಿದ್ದ ಹೂವನ್ನು ಆಮೇಲೆ ನಾನೇ ಆರಿಸಿ ತೆಗೆದೆ.

ಭಾನುವಾರ ಬೆಳಿಗ್ಗೆ ಪೂಲ್ ಹತ್ತಿರ ಹೋದರೆ ಗಾಟು ವಾಸನೆ. ಹಿಂದಿನ ದಿನ ಆಡಿದ ಮಕ್ಕಳಲ್ಲಿ ಇಬ್ಬರ ಕಣ್ಣು ಕೆಂಪಾಗಿತ್ತು. ಆಗಷ್ಟೇ ಇಳಕಲ್ಲಿನಿಂದ ಬಂದಿದ್ದ ಮೌಲಾಸಾಬರ ಮೇಲೆ ತಮ್ಮ ರೇಗಿದ.

"ಊರಿಗೆ ಹೋಗೂ ಮುಂದ ಪುಡಿ ಸುರುವಿ ಹೋಗೀರೇನ್ ಚಾಚಾ? ಮೂಗು ಸುಟ್ಟ ಹೋಗಾಕತ್ತೈತಿ!"

ಮೌಲಾಸಾಬ್ ನಳಿಗೆಯಲ್ಲಿ ನೀರು ಹಿಡಿದು ಮಾತ್ರೆ ಹಾಕಿದರು. ನೀರು ನೀರಾಗಿಯೇ ಉಳಿಯಿತು.

"ಬಣ್ಣ ಹತ್ತಿಲ್ರಿ," ಎಂದರು. ನೂಲಿನ ಬಗ್ಗೆ ಹೇಳುತ್ತಿದ್ದ ಮಾತೇ ಇರಬೇಕು.

ಆಮೇಲೆ ಅವರು ಮಾಡಿದ್ದಕ್ಕೆ ನಾನು ಬೆರಗಾದೆ. ಪೂಲಿನ ನೀರನ್ನು ಮತ್ತೆ ಹಿಡಿದು, ಅದಕ್ಕೆ ಕುಡಿಯುವ ಫಿಲ್ಟರ್ ನೀರು ಬೆರೆಸಿ ಇನ್ನೊಮ್ಮೆ ಟೆಸ್ಟ್ ಮಾಡಿದರು. ಯಾಕೆ? "ಕ್ಲೋರಿನ್ ಭಾಳ ಹೆಚ್ಚಾದ್ರೂ ಈ ಬಣ್ಣ ಹಾರಿ ಹೋಗತೈತ್ರಿ. ಹೆಚ್ಚಾಗಿದ್ರ ನೀರು ಬೆರೆಸಿದ ಮ್ಯಾಲರ ಹತ್ತಬೇಕಿತ್ತು. ಈಗೂ ಹತ್ತಿಲ್ಲ. ಅಂದ್ರ ಪುಡಿ ಸತ್ತೈತಿ. ಹೊಲಸಿನ ಕೂಡ ಕುಸ್ತಿ ಹಿಡಿದು ಸೋತೈತಿ. ಈ ವಾಸನಿ ಪುಡಿ ಹೆಚ್ಚಾಗಿದ್ದಕ್ಕಲ್ರಿ, ಸಾಲದ್ದಕ್ಕ."

ವಾಸನೆ ಬಂದರೆ ಹೆಚ್ಚಾಗಿದೆ ಎಂದೇ ಅಲ್ಲವೇ ನಾವೆಲ್ಲ ತಿಳಿದಿರುವುದು? ತಮ್ಮನೂ ನಂಬಲಿಲ್ಲ. ಬರ್ತ್‌ಡೇ ಹುಡುಗನ ಅಜ್ಜ ಬೇರೆ. ಊರಿಗೆಲ್ಲ ಹೇಳಿಬಿಟ್ಟಿದ್ದ.

"ಇವತ್ತ ಹುಡುಗ್ರು ನೀರಿಗೆ ಇಳೀಲಿಲ್ಲಂದ್ರ ನೀವು ನಾಳಿಂದ ಬರಬ್ಯಾಡ್ರಿ," ಎಂದ.

ಮೌಲಾಸಾಬ್ ಗೇಟಿಗೆ ಬೀಗ ಜಡಿದು ಕೀಲಿಯನ್ನು ಜುಬ್ಬಾದ ಜೇಬಿಗಿಳಿಸಿದರು. "ಆಗಲ್ರಿ ಸಾಹೇಬ್ರ. ನಾಳಿಂದ ಬರಂಗಿಲ್ಲ. ಆದ್ರ ಇವತ್ತ ಕೀಲಿ ಕೊಡಂಗಿಲ್ಲ. ಹದಿನೆಂಟು ಹುಡುಗ್ರ ಕಣ್ಣು, ಕಿವಿ, ಹೊಟ್ಟಿ ಅದಾವು."

ಮಾಡಿದವಳು ನಾನು, ಕೆಲಸ ಹೋಗುತ್ತಿರುವುದು ಅವರದು! ಬಾಯಿ ಬಿಡಲೇಬೇಕಾಯಿತು. ಅರಿಶಿಣ, ಹಾಲು, ಎಣ್ಣೆ ತಲೆ, ಎಲ್ಲ ಹೇಳಿದೆ. ತಮ್ಮ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದಲ್ಲ.

ಮೌಲಾಸಾಬ್ ಬೈಯಲಿಲ್ಲ. "ಗಂಗವ್ವಗ ಅರಿಶಿಣ ಏರಿಸೋದು ತಪ್ಪಲ್ರಿ ಅಕ್ಕಾರ. ದಂಡಿಮ್ಯಾಲಿನ ಕಲ್ಲಿಗೆ ಹಚ್ರಿ. ಒಳಗ ಹಾಕಿದ್ರ ಈ ಪುಡಿಗೆ ಅರಿಶಿಣ ಯಾವುದು, ಹೊಲಸು ಯಾವುದು ತಿಳಿಯಂಗಿಲ್ಲ. ಎಲ್ಲಾರ ಕೂಡ ಜಗಳಾಡಿ ಸಾಯತೈತಿ." ಇಷ್ಟು ಮರ್ಯಾದೆಯಿಂದ ತಪ್ಪು ತೋರಿಸುವುದನ್ನು ನಾನು ಇಷ್ಟು ವರ್ಷ ಟೀಚರ್ ಆಗಿದ್ದರೂ ಕಲಿಯಲಿಲ್ಲ.

ಆ ದಿನ ಮಕ್ಕಳು ಅಂಗಳದಲ್ಲಿ ಪೈಪ್ ಹಿಡಿದು ಒಬ್ಬರಿಗೊಬ್ಬರು ನೀರು ಹಾರಿಸಿಕೊಂಡರು. ಕೇಕು ಖಾಲಿಯಾಯಿತು. ಯಾರೂ ಅಳಲಿಲ್ಲ, ಅಳುಮೋರೆ ಇದ್ದದ್ದು ನನ್ನ ತಮ್ಮನದೊಂದೇ. ಸಂಜೆ ಮೌಲಾಸಾಬ್ ಅಳತೆ ಮಾಡಿ ದೊಡ್ಡ ಡೋಸ್ ಹಾಕಿದರು. ಎಂದಿನಂತೆ ಸೋಮವಾರವೂ ಬಂದರು. ತಮ್ಮ ಅವರಿಗೆ ತಾನೇ ಚಹಾ ತಂದುಕೊಟ್ಟ. ದೊಡ್ಡ ಡೋಸಿಗೆ ಏರಿದ್ದ ಕ್ಲೋರಿನ್ ಇಳಿಯಲೆಂದು ಮೌಲಾಸಾಬ್ ಇನ್ನೆರಡು ದಿನ ಕಾಯಿಸಿದರು. ಬುಧವಾರ ನಳಿಗೆಯ ನೀರು ತಿಳಿ ಗುಲಾಬಿಯಾಯಿತು. "ಎರಡು," ಎಂದರು. ಪೂಲ್ ಬದಿಗೆ ಹೋಗಿ ಉಸಿರೆಳೆದೆ. ಯಾವ ವಾಸನೆಯೂ ಇಲ್ಲ!

ಮಕ್ಕಳನ್ನು ಮತ್ತೆ ಕರೆಸಿದೆವು. ಮೌಲಾಸಾಬ್ ಗೇಟು ತೆರೆದು ಅಡ್ಡ ನಿಂತರು. ಪಕ್ಕದ ನಲ್ಲಿಯ ಕೆಳಗೆ ಸೋಪು ಹಚ್ಚಿ ತಲೆ, ಮೈ ತೊಳೆದುಕೊಂಡವರಿಗಷ್ಟೇ ಪ್ರವೇಶ. ಹದಿನೆಂಟು ಮಕ್ಕಳೂ ಸಾಲಾಗಿ ನಿಂತರು. ನಾನೂ ನಿಂತೆ. ಕೊನೆಗೆ ತಮ್ಮ ಚಡ್ಡಿ ಏರಿಸಿಕೊಂಡು, ಮಾಲೀಕನ ಗತ್ತಿನಲ್ಲಿ ನೇರ ಒಳಗೆ ಹೊರಟ. ಮೌಲಾಸಾಬ್ ಕೈ ಅಡ್ಡ ಮಾಡಿದರು.

"ಸಾಹೇಬ್ರ, ತಲಿಗೆ ಎಣ್ಣಿ ಐತಿ."

ತಮ್ಮ ಹೋಗಿ ನಲ್ಲಿಯ ಕೆಳಗೆ ಕುಳಿತ. ತಾನು ಕೆಲಸ ಮಾಡುವ ಮನೆಯಲ್ಲೇ ಧಣಿಯ ತಲೆ ತೊಳೆಸಿ ಒಳಗೆ ಬಿಡುವ ಗಂಡಸು ಇಡೀ ನವನಗರದಲ್ಲಿ ಇನ್ನೊಬ್ಬ ಇದ್ದರೆ ಹೇಳಿ ನೋಡೋಣ?